ಗೊತ್ತಿರುವ ಮದ್ದು, ತಲುಪದ ರೋಗಿ: ಸೇಂಟ್ ಜಾನ್ಸ್‌ನ ಹೃದಯ ಸಂಶೋಧನೆಯ ಪರಂಪರೆ

ವೈದ್ಯಕೀಯ ಕಾಲೇಜೊಂದರ ಚರಿತ್ರೆ ಬರೆಯುವವರು ಕಟ್ಟಡಗಳ ಉದ್ಘಾಟನೆ, ಹಾಸಿಗೆಗಳ ಸಂಖ್ಯೆ, ಹೊರಬಂದ ವೈದ್ಯರ ಹೆಸರುಗಳನ್ನು ಜೋಡಿಸಿ ಮುಗಿಸುವುದು ವಾಡಿಕೆ. ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ 1963ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಬಗ್ಗೆಯೂ ಹಾಗೆ ಬರೆಯಬಹುದು. ಆದರೆ ಈ ಸಂಸ್ಥೆಗೆ ಇನ್ನೊಂದು ಚರಿತ್ರೆಯಿದೆ. ಹೃದಯಾಘಾತ ಯಾರಿಗೆ, ಯಾಕೆ ಆಗುತ್ತದೆ, ಆದಮೇಲೆ ಅವರಿಗೆ ಸಲ್ಲಬೇಕಾದ ಚಿಕಿತ್ಸೆ ನಿಜಕ್ಕೂ ಸಲ್ಲುತ್ತದೆಯೇ ಎಂದು ಲೆಕ್ಕವಿಟ್ಟು ನೋಡಿದ ಚರಿತ್ರೆ ಅದು. ಹೊಸ ಔಷಧ ಕಂಡುಹಿಡಿದವರಿಗೆ ಸಿಗುವ ಹೆಸರು ಹೀಗೆ ಲೆಕ್ಕವಿಡುವವರಿಗೆ ಸಿಗುವುದಿಲ್ಲ. ಆದರೂ ನಮ್ಮ ನಾಡಿನಂಥ ಕಡೆ ಹೃದ್ರೋಗದ ಸಾವನ್ನು ತಗ್ಗಿಸುವ ದಾರಿ ತೋರಿದ್ದು ಹೊಸ ಮದ್ದುಗಳಿಗಿಂತ ಹೆಚ್ಚಾಗಿ ಈ ಲೆಕ್ಕವೇ ಎಂಬುದು ಈ ಲೇಖನದ ವಾದ.

ಈ ಪರಂಪರೆಯ ಎದ್ದುಕಾಣುವ ಹೆಸರು ಡಾ. ಸಲೀಂ ಯೂಸುಫ್. ಕೇರಳದ ಕೊಟ್ಟಾರಕ್ಕರದಲ್ಲಿ 1952ರಲ್ಲಿ ಹುಟ್ಟಿದ ಅವರು ಸೇಂಟ್ ಜಾನ್ಸ್‌ನಲ್ಲಿ ವೈದ್ಯಪದವಿ ಮುಗಿಸಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಪೀಟರ್ ಸ್ಲೈಟ್, ರಿಚರ್ಡ್ ಪೆಟೊ, ರೋರಿ ಕಾಲಿನ್ಸ್ ಮೊದಲಾದವರೊಂದಿಗೆ ಸೇರಿ ರೂಪಿಸಿದ್ದು, ಪ್ರಶ್ನೆ ಸರಳವಾಗಿರಲಿ, ರೋಗಿಗಳ ಸಂಖ್ಯೆ ಮಾತ್ರ ಸಾವಿರಗಳಲ್ಲಿರಲಿ ಎಂಬ ಹೊಸ ಬಗೆಯ ಪ್ರಯೋಗಪದ್ಧತಿಯನ್ನು. ಒಂದು ಮದ್ದು ಸಾವನ್ನು ಶೇಕಡಾ 15ರಷ್ಟೋ 20ರಷ್ಟೋ ಕಡಿಮೆ ಮಾಡುವುದಾದರೆ, ಇನ್ನೂರು ಮುನ್ನೂರು ರೋಗಿಗಳ ಅಧ್ಯಯನದಲ್ಲಿ ಆ ವ್ಯತ್ಯಾಸ ಅದೃಷ್ಟದ ಏರಿಳಿತದೊಳಗೆ ಮುಚ್ಚಿಹೋಗುತ್ತದೆ. ಹದಿನೈದು ಸಾವಿರ ಜನರಲ್ಲಿ ಮುಚ್ಚಿಹೋಗುವುದಿಲ್ಲ. ಈ ಪದ್ಧತಿಯಲ್ಲಿ ಹೃದಯಾಘಾತದ ಚಿಕಿತ್ಸೆಗಳನ್ನು ಪರೀಕ್ಷಿಸಿದ ‘ಐಸಿಸ್’ ಸರಣಿಯ, 1986ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 16,000ಕ್ಕೂ ಹೆಚ್ಚು ರೋಗಿಗಳಿದ್ದರು. ಎರಡು ವರ್ಷದ ಬಳಿಕ ಬಂದ ಎರಡನೆಯದು, ಆಸ್ಪಿರಿನ್ ಮಾತ್ರೆ ಮತ್ತು ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಚುಚ್ಚುಮದ್ದು ಎರಡನ್ನೂ ಕೊಟ್ಟರೆ ಹೃದಯಾಘಾತದ ನಂತರದ ಐದು ವಾರಗಳ ಸಾವು ಸುಮಾರು ಶೇಕಡಾ 40ರಷ್ಟು ಇಳಿಯುತ್ತದೆ ಎಂದು ತೋರಿಸಿತು. ಅಂದರೆ 1988ರ ಹೊತ್ತಿಗೇ, ಜೀವ ಉಳಿಸುವ ಎರಡು ಮದ್ದುಗಳು ಯಾವುವೆಂದು ಜಗತ್ತಿಗೆ ಖಚಿತವಾಗಿತ್ತು. ಅವು ರೋಗಿಯನ್ನು ಹೊತ್ತಿಗೆ ಸರಿಯಾಗಿ ತಲುಪುತ್ತವೆಯೇ ಎಂದು ಕೇಳುವ ಕೆಲಸ ಬಾಕಿ ಉಳಿದಿತ್ತು.

ಯೂಸುಫ್ ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯಲ್ಲಿದ್ದು, 1992ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಸೇರಿದರು. ಬೆಂಗಳೂರಿನ ನಂಟು ಮಾತ್ರ ಕಡಿಯಲಿಲ್ಲ. ಸೇಂಟ್ ಜಾನ್ಸ್‌ನ ಡಾ. ಪ್ರೇಮ್ ಪೈಸ್ ಅವರ ಮುಂದಾಳತ್ವದಲ್ಲಿ, ಯೂಸುಫ್ ಅವರೂ ಸೇರಿ ನಡೆಸಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಗಾತ್ರದಲ್ಲಿ ಚಿಕ್ಕದು: ಮೊದಲ ಹೃದಯಾಘಾತಕ್ಕೆ ಒಳಗಾದ 200 ಮಂದಿ, ಅದೇ ವಯಸ್ಸಿನ, ಆ ತೊಂದರೆಯಿಲ್ಲದ 200 ಮಂದಿ. ಬೀಡಿ-ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇವೇ ಮುಖ್ಯ ಕಾರಣಗಳೆಂದು ಅದು ಕಂಡಿತು. ಇದೇ ಬಗೆಯ ಪ್ರಶ್ನೆಯನ್ನು 52 ದೇಶಗಳಲ್ಲಿ, 15,000 ರೋಗಿಗಳಲ್ಲಿ ಮತ್ತು ಹೆಚ್ಚುಕಡಿಮೆ ಅಷ್ಟೇ ಮಂದಿ ಆರೋಗ್ಯವಂತರಲ್ಲಿ ಕೇಳಿದ್ದು 2004ರ ‘ಇಂಟರ್‌ಹಾರ್ಟ್’. ಧೂಮಪಾನ, ರಕ್ತದ ಕೊಬ್ಬಿನಂಶ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು-ತರಕಾರಿಯ ಕೊರತೆ, ವ್ಯಾಯಾಮದ ಕೊರತೆ, ಮದ್ಯದ ಅಭ್ಯಾಸ ಎಂಬ ಒಂಬತ್ತು ಅಂಶಗಳು ಗಂಡಸರಲ್ಲಿ ಶೇಕಡಾ 90ರಷ್ಟು, ಹೆಂಗಸರಲ್ಲಿ ಶೇಕಡಾ 94ರಷ್ಟು ಅಪಾಯವನ್ನು ವಿವರಿಸುತ್ತವೆ, ಅದೂ ಎಲ್ಲ ಖಂಡಗಳಲ್ಲಿ ಎಂದು ಅದು ಹೇಳಿತು.

ಇದಕ್ಕೆ ಒಂದು ಆಕ್ಷೇಪ ಬಹುಕಾಲದಿಂದ ಇದೆ. ಭಾರತೀಯರ ಹೃದಯವೇ ಬೇರೆ, ಅದು ರಕ್ತಗುಣ, ವಂಶದಲ್ಲೇ ಬಂದದ್ದು, ಆದ್ದರಿಂದಲೇ ನಮ್ಮವರಿಗೆ ಎಳೆಯ ವಯಸ್ಸಿನಲ್ಲಿ ಹೃದಯಾಘಾತವಾಗುತ್ತದೆ ಎನ್ನುತ್ತಾರೆ. ಎಳೆಯ ವಯಸ್ಸಿನ ಮಾತು ನಿಜ. ಇಂಟರ್‌ಹಾರ್ಟ್‌ನ ಅಂಕಿಅಂಶಗಳಲ್ಲೇ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗುವುದು ಕಾಣುತ್ತದೆ. ಆದರೆ ಅವೇ ಅಂಕಿಅಂಶಗಳನ್ನು ಇನ್ನಷ್ಟು ಬಿಡಿಸಿ ನೋಡಿದ 2007ರ ವಿಶ್ಲೇಷಣೆ, ಈ ಅಂತರದ ಬಹುಪಾಲಿಗೆ ಅದೇ ಅಪಾಯದ ಅಂಶಗಳು ನಮ್ಮವರಲ್ಲಿ ಚಿಕ್ಕ ವಯಸ್ಸಿಗೇ ಸೇರಿಕೊಳ್ಳುವುದು ಕಾರಣವೆಂದಿತು. ವಂಶಗುಣವನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ. ಆದರೆ ಅದನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಬೀಡಿ ಬಿಡಿಸುವುದು, ಬಿ.ಪಿ. ಹತೋಟಿಗೆ ತರುವುದು ಕೈಯಲ್ಲಿದೆ. ವಂಶಗುಣವೊಂದನ್ನೇ ನೆಪ ಮಾಡಿಕೊಂಡರೆ ವ್ಯವಸ್ಥೆ ತನ್ನ ಹೊಣೆಯಿಂದ ಸುಲಭವಾಗಿ ಜಾರಿಕೊಳ್ಳುತ್ತದೆ.

ಹೊಣೆಯ ಪ್ರಶ್ನೆಯನ್ನು ಇನ್ನೂ ಹರಿತವಾಗಿ ಕೇಳಿದ್ದು ಯೂಸುಫ್ ಅವರ ನೇತೃತ್ವದ ‘ಪ್ಯೂರ್’ ಅಧ್ಯಯನ. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅದು 2014ರಲ್ಲಿ ಹೊರಗೆಡವಿದ ಸಂಗತಿ ವಿಚಿತ್ರವಾಗಿದೆ. ಅಪಾಯದ ಅಂಶಗಳು ಹೆಚ್ಚಿರುವುದು ಶ್ರೀಮಂತ ದೇಶಗಳಲ್ಲಿ. ಹೃದಯಾಘಾತ, ಪಾರ್ಶ್ವವಾಯುಗಳಂಥ ಗಂಭೀರ ಘಟನೆಗಳು ಹೆಚ್ಚು ಆಗುವುದು ಅಧ್ಯಯನವು ಕಡಿಮೆ ವರಮಾನದವೆಂದು ವಿಂಗಡಿಸಿದ, ಭಾರತವೂ ಸೇರಿದ ದೇಶಗಳಲ್ಲಿ. ಅವು ಆದಮೇಲೆ ಸಾಯುವವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇಕಡಾ 6.5 ಇದ್ದರೆ ಕಡಿಮೆ ವರಮಾನದ ದೇಶಗಳಲ್ಲಿ 17.3. ಇದಕ್ಕೆ ಮುಂಚೆ, 2011ರಲ್ಲಿ, ಅದೇ ಅಧ್ಯಯನ ಕಾರಣದ ಒಂದು ತುದಿಯನ್ನು ತೋರಿಸಿತ್ತು: ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಲ್ಲಿ, ಅದು ಮತ್ತೆ ಆಗದಂತೆ ತಡೆಯುವ ಮಾತ್ರೆಗಳಲ್ಲಿ ಒಂದನ್ನೂ ತೆಗೆದುಕೊಳ್ಳದವರು ಶ್ರೀಮಂತ ದೇಶಗಳಲ್ಲಿ ಶೇಕಡಾ 11, ಕಡಿಮೆ ವರಮಾನದ ದೇಶಗಳಲ್ಲಿ ಶೇಕಡಾ 80. ಆಸ್ಪಿರಿನ್ ನಮ್ಮಲ್ಲಿ ಅತಿ ಅಗ್ಗದ ಮಾತ್ರೆಗಳಲ್ಲೊಂದು. ಆದ್ದರಿಂದ ಬಡತನವೆಂದರೆ ಬರೀ ಔಷಧದ ಬೆಲೆ ಎಂದುಕೊಳ್ಳುವಂತಿಲ್ಲ. ದಿನಗೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕಾದ ಕಷ್ಟ, ಚೀಟಿ ಬರೆದುಕೊಟ್ಟ ಮೇಲೆ ಯಾರೂ ವಿಚಾರಿಸದಿರುವುದು, ನೋವು ನಿಂತಿತೆಂದು ಮಾತ್ರೆ ನಿಲ್ಲಿಸುವುದು ಎಲ್ಲವೂ ಆ ಶೇಕಡಾ 80ರೊಳಗಿವೆ.

ನಮ್ಮ ದೇಶದೊಳಗಿನ ಅಂತರವನ್ನು ಅಳೆದ ಕೀರ್ತಿ ಸೇಂಟ್ ಜಾನ್ಸ್‌ನದೇ. ಡಾ. ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ದಾಖಲೆ ಕಲೆಹಾಕಿ 2008ರಲ್ಲಿ ಪ್ರಕಟಿಸಿದ ‘ಕ್ರಿಯೇಟ್’ ವರದಿ, ಭಾರತದ ಹೃದಯ ಚಿಕಿತ್ಸೆಯ ಗುಣಮಟ್ಟದ ಮೇಲೆ ಬರೆದ ಒಂದು ಲೆಕ್ಕಪರಿಶೋಧನೆಯಂತಿದೆ. ತೀವ್ರ ಹೃದಯಾಘಾತವಾದವರಲ್ಲಿ ಅರ್ಧದಷ್ಟು ಮಂದಿ ಎದೆನೋವು ಶುರುವಾಗಿ ಆರು ಗಂಟೆ ಕಳೆಯುವವರೆಗೂ ಆಸ್ಪತ್ರೆ ಸೇರಿರಲಿಲ್ಲ. ಸೇರಿದ ಮೇಲೂ ಎಲ್ಲರಿಗೂ ಒಂದೇ ಚಿಕಿತ್ಸೆ ಸಿಗಲಿಲ್ಲ. ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆ ಸಿರಿವಂತರಲ್ಲಿ ಶೇಕಡಾ 15 ಮಂದಿಗೆ, ಬಡವರಲ್ಲಿ ಶೇಕಡಾ 2 ಮಂದಿಗೆ. ಕೊಬ್ಬಿನಂಶ ಇಳಿಸುವ ಮಾತ್ರೆ ಶೇಕಡಾ 61ಕ್ಕೆ ಎದುರಾಗಿ 36. ಮೂವತ್ತು ದಿನಗಳಲ್ಲಿ ಸತ್ತವರು ಸಿರಿವಂತರಲ್ಲಿ ಶೇಕಡಾ 5.5, ಬಡವರಲ್ಲಿ 8.2. ವರದಿಯ ಅತಿ ಮುಖ್ಯ ಸಾಲು ಇದರ ಮುಂದಿನದು: ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಂಡಾಗ ಸಾವಿನ ಅಂತರ ಉಳಿಯಲೇ ಇಲ್ಲ.

ಈ ವರದಿಯ ಮಿತಿಗಳನ್ನು ಎತ್ತಿ ತೋರಿಸುವವರ ಮಾತಿನಲ್ಲಿ ಹುರುಳಿದೆ. ಇದು ಪ್ರಯೋಗವಲ್ಲ, ದಾಖಲಾತಿ. ಬಡ ರೋಗಿ ತಡವಾಗಿ, ಹೆಚ್ಚು ಹದಗೆಟ್ಟು ಬಂದಿರಬಹುದು. ಗಣಿತದಿಂದ ಎಲ್ಲವನ್ನೂ ಸರಿದೂಗಿಸಲಾಗದು. ದಾರಿಯಲ್ಲೇ ಸತ್ತವರು, ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಉಳಿದವರು ಲೆಕ್ಕಕ್ಕೆ ಬಂದೇ ಇಲ್ಲ. ಆದರೆ ಈ ಎರಡು ಮಿತಿಗಳೂ ಯಾವ ಕಡೆಗೆ ವಾಲುತ್ತವೆ ಎಂದು ಯೋಚಿಸಬೇಕು. ಆಸ್ಪತ್ರೆ ತಲುಪದವರಲ್ಲಿ ಬಡವರೇ ಹೆಚ್ಚಿರುವುದು ಸಂಭವನೀಯ. ಹಾಗಿದ್ದಲ್ಲಿ ನಿಜವಾದ ಅಂತರ ವರದಿ ಹೇಳಿದ್ದಕ್ಕಿಂತ ದೊಡ್ಡದು. ತಡವಾಗಿ ಬಂದದ್ದೇ ಕಾರಣವೆಂದರೆ, ಆ ತಡವೂ ಆರೋಗ್ಯ ವ್ಯವಸ್ಥೆಯ ಗುಣಮಟ್ಟದ ಭಾಗವೇ. ಕರ್ನಾಟಕದಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ 108 ಆಂಬುಲೆನ್ಸ್ ಸೇವೆ ಶುರುವಾದದ್ದೇ ಈ ವರದಿ ಬಂದ ವರ್ಷದ ಕೊನೆಗೆ.

ಸೇಂಟ್ ಜಾನ್ಸ್ ತಂಡ ಅಳತೆಗೇ ನಿಲ್ಲಲಿಲ್ಲ. ನಾಲ್ಕಾರು ಮದ್ದುಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವ ‘ಪಾಲಿಪಿಲ್’ ಕಲ್ಪನೆಗೆ ಭಾರತದ 50 ಕೇಂದ್ರಗಳ 2,053 ಮಂದಿಯ ಮೇಲೆ ನಡೆದ 2009ರ ‘ಟಿಪ್ಸ್’ ಪ್ರಯೋಗದಿಂದ ಮೊದಲ ದೊಡ್ಡ ಪುರಾವೆ ಸಿಕ್ಕಿತು. ಮುಂದೆ ಹಲವು ದೇಶಗಳಲ್ಲಿ ನಡೆದ ಮೂರನೆಯ ಟಿಪ್ಸ್ ಪ್ರಯೋಗದಲ್ಲಿ, ಆಸ್ಪಿರಿನ್ ಜೊತೆಗೂಡಿದ ಈ ಗುಳಿಗೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳನ್ನು ಸುಮಾರು ಶೇಕಡಾ 30ರಷ್ಟು ಇಳಿಸಿದ್ದು ಕಂಡಿತು. ಗುಳಿಗೆ ತಯಾರಿಸಿದ್ದು ಖಾಸಗಿ ಕಂಪನಿ, ಪ್ರಯೋಗಕ್ಕೆ ಅದರ ನೆರವೂ ಇತ್ತು, ಹಾಗಾಗಿ ಅನುಮಾನ ಸಹಜ. ಆದರೆ ಇರಾನ್‌ನಲ್ಲಿ, ಯುರೋಪಿನಲ್ಲಿ ಬೇರೆ ತಂಡಗಳು ಬೇರೆ ಗುಳಿಗೆಗಳಿಂದ ನಡೆಸಿದ ಪ್ರಯೋಗಗಳೂ ಇದೇ ದಿಕ್ಕಿಗೆ ಬೊಟ್ಟುಮಾಡಿದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್ಲನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಆಕ್ಷೇಪ, ಮಾತ್ರೆ ನುಂಗುವುದನ್ನು ಕಲಿಸಿದರೆ ಜನ ಬೀಡಿ ಬಿಡುವುದಿಲ್ಲ ಎಂಬುದು. ಇದಕ್ಕೆ ಉತ್ತರ 2016ರ ‘ಸ್ಪ್ರೆಡ್’ ಪ್ರಯೋಗದಲ್ಲಿದೆ. ಹೃದಯಾಘಾತದಿಂದ ಚೇತರಿಸಿಕೊಂಡವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಒಂದು ವರ್ಷ ಮತ್ತೆ ಮತ್ತೆ ಭೇಟಿಯಾದಾಗ, ಮಾತ್ರೆ ಬಿಡದವರೂ ಹೆಚ್ಚಿದರು, ಧೂಮಪಾನ ಬಿಟ್ಟವರೂ ಹೆಚ್ಚಿದರು. ಎರಡನ್ನೂ ಸಾಧಿಸಿದ್ದು ಅದೇ ಕಾರ್ಯಕರ್ತರು. ಅವರು ವೈದ್ಯರೂ ಅಲ್ಲ.

ಯೂಸುಫ್ ಹೇಳಿದ್ದೆಲ್ಲ ಪ್ರಶ್ನಾತೀತವೇನಲ್ಲ. ಉಪ್ಪನ್ನು ತೀರಾ ಕಡಿಮೆ ತಿನ್ನುವುದೂ ಒಳ್ಳೆಯದಲ್ಲವೆಂದ ಪ್ಯೂರ್ ನಿರ್ಣಯಕ್ಕೆ, ಒಂದೇ ಸಲ ತೆಗೆದ ಮೂತ್ರದ ಮಾದರಿಯಿಂದ ಉಪ್ಪಿನ ಪ್ರಮಾಣ ಅಂದಾಜಿಸಿದ್ದು ಸರಿಯಲ್ಲ ಎಂಬ ಗಟ್ಟಿ ಟೀಕೆ ಬಂದಿದೆ, ಅದು ಇನ್ನೂ ಬಗೆಹರಿದಿಲ್ಲ. ಆದರೆ ಉಪ್ಪಿನ ಜಗಳ ಹೇಗೇ ತೀರ್ಮಾನವಾದರೂ ಕ್ರಿಯೇಟ್ ತೋರಿಸಿದ ಅಂತರ ಅಳಿಸಿಹೋಗುವುದಿಲ್ಲ.

ಕರ್ನಾಟಕ ಸರ್ಕಾರ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ. ಕ್ರಿಯೇಟ್ ಕಂಡ ಆರು ಗಂಟೆಗಳ ತಡಕ್ಕೆ ಬೇಕಿದ್ದ ಉತ್ತರ ಇದೇ. ಇದು ಫಲಿಸಿದೆಯೇ ಎಂದು ತಿಳಿಯಲು ಎಷ್ಟು ಚುಚ್ಚುಮದ್ದು ಕೊಟ್ಟೆವೆಂಬ ಸಂಖ್ಯೆ ಸಾಲದು. ಎದೆನೋವಿನಿಂದ ಚುಚ್ಚುಮದ್ದಿನವರೆಗೆ ಕಳೆದ ಹೊತ್ತು, ಬಡವರಿಗೂ ಉಳ್ಳವರಿಗೂ ನಡುವಿನ ಸಾವಿನ ಅಂತರ, ವರ್ಷದ ನಂತರವೂ ಮಾತ್ರೆ ತೆಗೆದುಕೊಳ್ಳುತ್ತಿರುವವರ ಪ್ರಮಾಣ ಈ ಮೂರನ್ನೂ ಜಿಲ್ಲಾವಾರು ಅಳೆದು ಪ್ರತಿವರ್ಷ ಬಹಿರಂಗಪಡಿಸಬೇಕು. ಅಳೆಯುವ ಬಗೆ ಬೆಂಗಳೂರಿಗೆ ಹೊಸದಲ್ಲ. ಆ ವಿದ್ಯೆಯನ್ನು ದಶಕಗಳ ಕಾಲ ಬೆಳೆಸಿದ ಸಂಸ್ಥೆಯನ್ನು ಗೌರವಿಸುವುದಾದರೆ, ಅದು ಕಲಿಸಿದ ಲೆಕ್ಕವನ್ನು ಸರ್ಕಾರದ ದಿನನಿತ್ಯದ ಕೆಲಸವನ್ನಾಗಿ ಮಾಡುವುದು ಸನ್ಮಾನ ಪತ್ರಗಳಿಗಿಂತ ಹೆಚ್ಚಿನದು.