ಬೀಜಗಣಿತದ ಪ್ರಯೋಜನವಿಚಾರ

“ಸರ್, ಇದನ್ನ ಕಲ್ತು ಏನ ಮಾಡೂದ್ರಿ?” ಎಂಬ ಪ್ರಶ್ನೆಯನ್ನು ಬೀಜಗಣಿತದ ತರಗತಿಯಲ್ಲಿ ಒಮ್ಮೆಯಾದರೂ ಕೇಳದ ಉಪಾಧ್ಯಾಯರು ಧಾರವಾಡದಲ್ಲಿ ವಿರಳ. ಪರೀಕ್ಷೆಗೆ ಬೇಕು ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಇಂಗ್ಲಿಷ್ ವಿದ್ಯಾಭ್ಯಾಸದೊಡನೆಯೇ ಈ ಸಂಶಯವೂ ನಮ್ಮಲ್ಲಿಗೆ ಬಂದಿತೆಂದು ಹಲವರು ಭಾವಿಸಿರುವರು. ಅದು ಹಾಗಲ್ಲವೆಂಬುದನ್ನೂ, ಸುಮಾರು ಸಾವಿರದ ನೂರೈವತ್ತು ವರ್ಷಗಳ ಹಿಂದೆಯೇ ಕನ್ನಡನಾಡಿನಲ್ಲಿ ಇದಕ್ಕೆ ವಿಚಾರಪೂರ್ಣವಾದ ಉತ್ತರವು ದೊರೆತಿದ್ದಿತೆಂಬುದನ್ನೂ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಕವಿರಾಜಮಾರ್ಗವು ಹುಟ್ಟಿದ ನೃಪತುಂಗನ ಕಾಲದಲ್ಲಿಯೇ, ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ಗ್ರಂಥಾರಂಭದಲ್ಲಿ ಆ ಚಕ್ರವರ್ತಿಯನ್ನೇ ಸ್ತುತಿಸಿರುವನು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದಾಗಿ ಎಣಿಸಿದ ಪುಲಿಗೆರೆಯು ಹುಬ್ಬಳ್ಳಿಗೆ ಸಮೀಪದ ಇಂದಿನ ಲಕ್ಷ್ಮೇಶ್ವರ. ಆ ಗ್ರಂಥವನ್ನು ನಾವು ಪಾಠ ಹೇಳುತ್ತಿರುವೆವು. ಅದರ ಒಡಹುಟ್ಟಿನಂತಿರುವ ಈ ಗ್ರಂಥವನ್ನು ಮಾತ್ರ ಗಣಿತಜ್ಞರ ಪಾಲಿಗೆ ಬಿಟ್ಟಿರುವೆವು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಮದರಾಸಿನಲ್ಲಿ ಎಂ. ರಂಗಾಚಾರ್ಯರು ೧೯೧೨ರಲ್ಲಿ ಇಂಗ್ಲಿಷ್ ಅನುವಾದಸಹಿತವಾಗಿ ಇದನ್ನು ಪ್ರಕಟಿಸಿದರು.

ಒಂಬತ್ತು ಅಧ್ಯಾಯಗಳ ಈ ಗ್ರಂಥದ ಮೊದಲಲ್ಲಿ ಆಚಾರ್ಯನು ಗಣಿತವು ಎಲ್ಲೆಲ್ಲಿ ಉಪಯುಕ್ತವೆಂಬುದನ್ನು ಪಟ್ಟಿಮಾಡಿರುವನು. ಲೌಕಿಕ, ವೈದಿಕ, ಧಾರ್ಮಿಕ ವ್ಯವಹಾರಗಳಲ್ಲದೆ ಅರ್ಥಶಾಸ್ತ್ರ, ಸಂಗೀತ, ನಾಟ್ಯ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಮೊದಲಾದುವೆಲ್ಲವೂ ಅಲ್ಲಿ ಬರುವುವು. ಇವನಿಗಿಂತ ಸ್ವಲ್ಪ ಹಿಂದೆ ಬಾಗ್ದಾದಿನಲ್ಲಿ ‘ಆಲ್ಜಿಬ್ರಾ’ ಎಂಬ ಹೆಸರಿಗೆ ಮೂಲವಾದ ಗ್ರಂಥವನ್ನು ಬರೆದ ಅಲ್ ಖ್ವಾರಿಜ್ಮಿಯೂ ದಾಯಭಾಗ, ವ್ಯಾಪಾರ, ಭೂಮಾಪನಗಳ ಉಪಯೋಗವನ್ನೇ ಮುಂದಿಟ್ಟಿರುವನು. ಇದು ಮೊದಲನೆಯ ಉತ್ತರ: ವಿದ್ಯೆಯ ಫಲವನ್ನು ಅದರ ಉಪಯೋಗಗಳಿಂದ ಅಳೆಯುವುದು.

ಆದರೆ ಗ್ರಂಥದ ಒಳಹೊಕ್ಕು ನೋಡಿದರೆ ಲೆಕ್ಕಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಾಣುವರು. ಚೀಲ ನನಗೆ ಸಿಕ್ಕರೆ ನನ್ನ ಹಣವು ನಿಮ್ಮಿಬ್ಬರದಕ್ಕೆ ಇಮ್ಮಡಿಯಾಗುವುದೆಂದು ಮೊದಲನೆಯವನು, ಮುಮ್ಮಡಿಯೆಂದು ಎರಡನೆಯವನು, ಐದುಮಡಿಯೆಂದು ಮೂರನೆಯವನು ಹೇಳುವರು. ಚೀಲದಲ್ಲಿದ್ದುದೆಷ್ಟು? ಪ್ರತಿಯೊಬ್ಬನಲ್ಲಿದ್ದುದೆಷ್ಟು?

ಚೀಲವನ್ನೂ ಮೂವರ ಹಣವನ್ನೂ ಕೂಡಿದ ಮೊತ್ತವನ್ನು ‘ಸರ್ವಧನ’ವೆನ್ನೋಣ. ಮೊದಲನೆಯವನ ಮಾತಿನಂತೆ ಉಳಿದಿಬ್ಬರ ಹಣವು ಸರ್ವಧನದ ಮೂರರಲ್ಲೊಂದಂಶ. ಹಾಗೆಯೇ ಎರಡನೆಯವನನ್ನು ಬಿಟ್ಟು ಉಳಿದವರದು ನಾಲ್ಕರಲ್ಲೊಂದಂಶ, ಮೂರನೆಯವನನ್ನು ಬಿಟ್ಟು ಉಳಿದವರದು ಆರರಲ್ಲೊಂದಂಶ. ಮೂರನ್ನೂ ಕೂಡಿದರೆ ಸರ್ವಧನದ ಮುಕ್ಕಾಲು. ಇದರಲ್ಲಿ ಒಬ್ಬೊಬ್ಬನ ಹಣವೂ ಎರಡೆರಡು ಸಲ ಬಂದಿರುವುದರಿಂದ ಮೂವರ ಹಣವು ಎಂಟರಲ್ಲಿ ಮೂರಂಶ. ಚೀಲವು ಎಂಟರಲ್ಲಿ ಐದಂಶ. ಸರ್ವಧನ ೨೪ ಆದರೆ ಚೀಲದಲ್ಲಿ ೧೫. ವರ್ತಕರಲ್ಲಿ ಕ್ರಮವಾಗಿ ೧, ೩, ೫. ಸರ್ವಧನ ೪೮ ಆದರೆ ಎಲ್ಲವೂ ಇಮ್ಮಡಿ.

ಹುಬ್ಬಳ್ಳಿಯ ಪೇಟೆಯಲ್ಲಿ ಯಾವ ವರ್ತಕನೂ ತನ್ನ ಹಣವನ್ನು ಹೀಗೆ ತಿಳಿಯಬೇಕಾಗಿಲ್ಲ. ಚೀಲ ಬಿಚ್ಚಿ ಎಣಿಸಿದರೆ ಸಾಕು. ಲೆಕ್ಕವು ತೊಟ್ಟಿರುವುದು ವ್ಯವಹಾರದ ವೇಷ. ಅದರೊಳಗಿನ ಜೀವವು ಬೇರೆ. ಒಂದರ ಸತ್ಯವು ಮತ್ತೊಂದನ್ನು ಅವಲಂಬಿಸಿರುವ ಮೂರು ಮಾತುಗಳನ್ನು ಏಕಕಾಲದಲ್ಲಿ ಮನಸ್ಸಿನಲ್ಲಿ ಹಿಡಿಯುವುದೂ, ತಿಳಿಯದುದಕ್ಕೆ ಒಂದು ಹೆಸರಿಟ್ಟು ಅದನ್ನು ತಿಳಿದುದರಂತೆಯೇ ನಡೆಸಿಕೊಂಡು ಹೋಗುವುದೂ ಇಲ್ಲಿ ಕಲಿಯಬೇಕಾದ ವಿಷಯ.

ಎರಡನೆಯ ಉತ್ತರವನ್ನು ಭಾಸ್ಕರಾಚಾರ್ಯನಲ್ಲಿ ಕಾಣುವೆವು. ಆತನ ಜನ್ಮಸ್ಥಳವು ವಿಜಯಪುರವೋ ಖಾನದೇಶವೋ ಎಂಬ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಕ್ರಿ.ಶ. ೧೧೫೦ರಲ್ಲಿ ಮುಗಿದ ‘ಸಿದ್ಧಾಂತಶಿರೋಮಣಿ’ಯ ಒಂದು ಭಾಗವೇ ‘ಬೀಜಗಣಿತ’. ಅವ್ಯಕ್ತರಾಶಿಗಳಿಗೆ ಬಣ್ಣಗಳ ಹೆಸರಿಟ್ಟು, ಅವುಗಳ ಮೊದಲಕ್ಷರಗಳಿಂದ ಲೆಕ್ಕ ನಡೆಸಿದ ಆತನೇ ಬೀಜವಿರುವುದು ಆ ಅಕ್ಷರಗಳಲ್ಲಲ್ಲ, ಊಹಿಸಬಲ್ಲ ಬುದ್ಧಿಯಲ್ಲಿ ಎಂಬ ಅಭಿಪ್ರಾಯವನ್ನು ಸೂಚಿಸಿರುವನು. ಅಂದರೆ ಈ ವಿದ್ಯೆಯ ಫಲವು ಕಲಿಯುವವನಲ್ಲಿಯೇ ಆಗುವ ಮಾರ್ಪಾಡು.

ಎರಡರಲ್ಲಿ ಯಾವುದು ಗಟ್ಟಿ? ಇದಕ್ಕೆ ಮಹಾವೀರನ ಗ್ರಂಥದಲ್ಲಿಯೇ ಸಾಕ್ಷಿಯಿದೆ. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆತನು ಸ್ಪಷ್ಟವಾಗಿ ಹೇಳಿರುವನು. ಆತನು ಬಲ್ಲ ಸಂಖ್ಯೆಗಳ ಮಟ್ಟಿಗೆ ಇದು ಸರಿಯಾದ ಮಾತು. ಇಟಲಿಯಲ್ಲಿ ಕಾರ್ಡಾನೊ ೧೫೪೫ರಲ್ಲಿ, ಬೊಂಬೆಲ್ಲಿ ೧೫೭೨ರಲ್ಲಿ ಅದೇ ಮೂಲವನ್ನು ಲೆಕ್ಕಕ್ಕೆ ತಂದರು. ಅದರಿಂದ ಲೌಕಿಕಪ್ರಯೋಜನವುಂಟೆಂದು ಆಗ ಯಾರೂ ಹೇಳುವಂತಿರಲಿಲ್ಲ. ಇಂದು ಪರ್ಯಾಯ ವಿದ್ಯುತ್ಪ್ರವಾಹದ ಗಣನೆಯು ಅದರ ಮೇಲೆಯೇ ನಿಂತಿದೆ. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಸ್ಥಾಪಿತವಾಗಿ ಈಗ ವಿಶ್ವವಿದ್ಯಾಲಯವಾಗಿ ಬೆಳೆದಿರುವ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯುಚ್ಛಾಸ್ತ್ರದ ವಿದ್ಯಾರ್ಥಿಯು ಅದಿಲ್ಲದೆ ಒಂದು ಹೆಜ್ಜೆ ಮುಂದಿಡಲಾರನು. ಉಪಯೋಗಗಳ ಪಟ್ಟಿ ಎಷ್ಟು ಉದ್ದವಾದರೂ ಬರೆದವನ ಕಾಲಕ್ಕೆ ನಿಂತುಬಿಡುವುದು. ತರಬೇತಾದ ಬುದ್ಧಿಯು ಪಟ್ಟಿಯನ್ನು ಮೀರಿ ಹೋಗುವುದು.

ಕನ್ನಡಕ್ಕೂ ಈ ಪರಂಪರೆ ಅನ್ಯವಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದುವನ್ನು ಕನ್ನಡದಲ್ಲಿಯೇ ಬರೆದನು, ಆರ್. ನರಸಿಂಹಾಚಾರ್ಯರು ಅವನನ್ನು ‘ಕರ್ಣಾಟಕ ಕವಿಚರಿತೆ’ಯಲ್ಲಿ ಕವಿಗಳ ಸಾಲಿನಲ್ಲಿಯೇ ಕೂರಿಸಿರುವರು. ೧೮೫೭ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಧಾರವಾಡ ಪ್ರಾಂತದ ವಿದ್ಯಾರ್ಥಿಗಳಿಗೆ ಬೀಜಗಣಿತವು ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯ ವಿಷಯವಾಗಿ ಬಂದಿತು. ಶಾಸ್ತ್ರದ ಹೆಸರು ಭಾಸ್ಕರನದೇ ಉಳಿಯಿತು. ಅದನ್ನು ಏಕೆ ಕಲಿಯಬೇಕೆಂಬ ಆತನ ಮಾತು ಮಾತ್ರ ಪಠ್ಯಪುಸ್ತಕದೊಳಗೆ ಬರಲಿಲ್ಲ.

ಆದುದರಿಂದ ತರಗತಿಯ ಆ ಬಾಲಕನಿಗೆ ಪ್ರಾಮಾಣಿಕವಾಗಿ ಹೇಳಬೇಕಾದುದು ಇಷ್ಟು: ಈ ಲೆಕ್ಕವು ನಿನ್ನ ಅಂಗಡಿಯಲ್ಲಿ ಉಪಯೋಗಕ್ಕೆ ಬಾರದೆಯೂ ಇರಬಹುದು, ಕಾಣದುದನ್ನು ಕಂಡುದರ ಸಂಬಂಧದಿಂದ ಹಿಡಿಯುವ ಬಗೆ ಎಲ್ಲಿಯೂ ವ್ಯರ್ಥವಾಗದು. ಹಾಗೆಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ, ವರ್ತಕರ ಚೀಲವನ್ನು ಅವನ ಮುಂದಿಟ್ಟು ಬಿಡಿಸಹೇಳುವುದು ಮೇಲು. ಸಾಹಿತ್ಯದ ಉಪಾಧ್ಯಾಯರಾದವರು ಕವಿರಾಜಮಾರ್ಗದ ಪಾಠದ ದಿನ ಆ ಲೆಕ್ಕವನ್ನೊಮ್ಮೆ ಕರಿಹಲಗೆಯ ಮೇಲೆ ಬರೆಯಲಿ. ನೃಪತುಂಗನ ಕಾಲದಲ್ಲಿ ಜೊತೆಗಿದ್ದ ಎರಡು ವಿದ್ಯೆಗಳನ್ನು ನಮ್ಮ ಶಾಲೆಯ ವೇಳಾಪಟ್ಟಿಯು ಬೇರ್ಪಡಿಸಿದೆ. ಒಂದು ಗಂಟೆಯ ಮಟ್ಟಿಗಾದರೂ ಅವನ್ನು ಕೂಡಿಸಬಹುದು.