ನರಬೇರಿನ ನೋವು, ಬೆನ್ನಿನ ಚುಚ್ಚುಮದ್ದು ಮತ್ತು ರಕ್ತಸೂಚಕಗಳು

ಬೆನ್ನುಮೂಳೆಯಿಂದ ಹೊರಡುವ ನರದ ಬುಡ ಒತ್ತಡಕ್ಕೋ ಉರಿಯೂತಕ್ಕೋ ಒಳಗಾದಾಗ ಸೊಂಟದಿಂದ ಕಾಲಿನವರೆಗೆ ಹರಿಯುವ ನೋವನ್ನು ನರಬೇರಿನ ನೋವು ಎನ್ನುತ್ತಾರೆ. ಇದರ ಸಾಮಾನ್ಯ ರೂಪವೇ ಸಯಾಟಿಕಾ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ಈ ನೋವಿಗೆ ಬೆನ್ನಿನಲ್ಲಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಯಾವ ರೋಗಿಗೆ ಫಲ ನೀಡುತ್ತದೆ ಎಂಬುದನ್ನು ಮುಂಚಿತವಾಗಿ ಅಂದಾಜಿಸಲು ಅಧ್ಯಯನದಲ್ಲಿರುವ ರಕ್ತದ ಅಂಶಗಳನ್ನು ರಕ್ತಸೂಚಕಗಳು ಎಂದು ಕರೆಯಲಾಗುತ್ತದೆ.

ಹಿನ್ನೆಲೆ

ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಜಾಗವನ್ನು ಎಪಿಡ್ಯೂರಲ್ ಅವಕಾಶ ಎನ್ನುತ್ತಾರೆ. 1901ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಸಿಕಾರ್ ಮತ್ತು ಕ್ಯಾತಲಾ ಪ್ರತ್ಯೇಕವಾಗಿ ಈ ಜಾಗಕ್ಕೆ ಔಷಧ ಸೇರಿಸುವ ವಿಧಾನವನ್ನು ವರದಿ ಮಾಡಿದರು. ಕಶೇರುಕಗಳ ನಡುವಿನ ಮೆತ್ತೆ (ಡಿಸ್ಕ್) ಹೊರಚಾಚಿ ನರವನ್ನು ಒತ್ತುತ್ತದೆ ಎಂಬುದನ್ನು 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಸ್ಪಷ್ಟಪಡಿಸಿದರು. 1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆ ಆರಂಭವಾಯಿತು.

ಕಾರ್ಯವಿಧಾನ

ಡಿಸ್ಕಿನ ಒಳತಿರುಳು ಹೊರಬಂದಾಗ ನರದ ಮೇಲೆ ಒತ್ತಡ ಬೀಳುವುದಷ್ಟೇ ಅಲ್ಲ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳಿಂದ ಉರಿಯೂತವೂ ಉಂಟಾಗುತ್ತದೆ. ಸ್ಟೀರಾಯ್ಡ್ ಶಮನಗೊಳಿಸುವುದು ಈ ಉರಿಯೂತವನ್ನು. ಮೂಳೆಯ ಒತ್ತಡವನ್ನು ಅದು ಸಡಿಲಿಸಲಾರದು. ಆದುದರಿಂದ ಉರಿಯೂತ ಹೆಚ್ಚಿರುವವರಿಗೆ ಚುಚ್ಚುಮದ್ದಿನ ಫಲವೂ ಹೆಚ್ಚಿರಬಹುದು ಎಂಬ ಊಹೆಯೇ ರಕ್ತಸೂಚಕಗಳ ಅಧ್ಯಯನಕ್ಕೆ ಆಧಾರ.

ಚುಚ್ಚುಮದ್ದಿನ ಸರಾಸರಿ ಫಲ ಸಾಧಾರಣವಾದುದು. 25 ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ಕೋಕ್ರೇನ್ ವಿಮರ್ಶೆಯ ಪ್ರಕಾರ, ಅಲ್ಪಾವಧಿಯಲ್ಲಿ ಕಾಲುನೋವು 100 ಅಂಕಗಳ ಅಳತೆಯಲ್ಲಿ ಸುಮಾರು 5 ಅಂಕದಷ್ಟು ಹೆಚ್ಚುವರಿಯಾಗಿ ತಗ್ಗಿತು. ಈ ಸರಾಸರಿಯೊಳಗೆ ಚೆನ್ನಾಗಿ ಗುಣ ಕಂಡವರೂ ಏನೂ ಪ್ರಯೋಜನ ಕಾಣದವರೂ ಇರಬಹುದು. ಇವರನ್ನು ಮೊದಲೇ ಬೇರ್ಪಡಿಸುವುದು ಸಂಶೋಧಕರ ಗುರಿ.

ಪ್ರಮುಖ ಸೂಚಕಗಳು

ಸಿ-ರಿಯಾಕ್ಟಿವ್ ಪ್ರೋಟೀನ್ (ಸಿಆರ್‌ಪಿ): 1930ರಲ್ಲಿ ಗುರುತಿಸಲಾದ ಈ ಪ್ರೋಟೀನನ್ನು ಯಕೃತ್ತು ಉತ್ಪಾದಿಸುತ್ತದೆ. ಅದರ ಅತಿಸಣ್ಣ ಏರಿಕೆಯನ್ನೂ ಅಳೆಯುವ ಹೆಚ್ಚು ಸೂಕ್ಷ್ಮದ ಪರೀಕ್ಷೆಯೂ ಇದೆ.

ಇಂಟರ್‌ಲ್ಯೂಕಿನ್-6: ಸಿಆರ್‌ಪಿ ಉತ್ಪಾದನೆಗೆ ಯಕೃತ್ತನ್ನು ಪ್ರಚೋದಿಸುವ ಸಂಕೇತ ಪ್ರೋಟೀನ್.

ಇಎಸ್‌ಆರ್: ಕೆಂಪು ರಕ್ತಕಣಗಳು ಕೆಳಗಿಳಿಯುವ ವೇಗ. ಇದು ಅಗ್ಗದ, ಹಳೆಯ ಪರೀಕ್ಷೆ.

ಮಿತಿಗಳು

ಸ್ಥೂಲಕಾಯ, ಧೂಮಪಾನ, ಮಧುಮೇಹ, ಹಲ್ಲಿನ ಅಥವಾ ಗಂಟಲಿನ ಸೋಂಕು ಇವೆಲ್ಲವೂ ಈ ಸೂಚಕಗಳನ್ನು ಏರಿಸಬಲ್ಲವು. ನರದ ಬುಡದ ಉರಿಯೂತವು ಸಣ್ಣ ಜಾಗಕ್ಕೆ ಸೀಮಿತವಾದ್ದರಿಂದ ರಕ್ತದಲ್ಲಿ ಕಾಣದೆಯೂ ಇರಬಹುದು. ಚುಚ್ಚುಮದ್ದಿನ ಫಲವನ್ನು ಖಚಿತವಾಗಿ ಹೇಳಬಲ್ಲ ಯಾವ ರಕ್ತಪರೀಕ್ಷೆಯೂ ನಿತ್ಯಬಳಕೆಗೆ ಬಂದಿಲ್ಲ. ಆದರೂ ಸಿಆರ್‌ಪಿ ಮತ್ತು ಇಎಸ್‌ಆರ್ ಬಹಳ ಹೆಚ್ಚಿದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಇತರ ಸೋಂಕಿನ ಶಂಕೆ ಮೂಡುತ್ತದೆ. ಸೋಂಕಿರುವಲ್ಲಿ ಸ್ಟೀರಾಯ್ಡ್ ಅಪಾಯಕಾರಿ.

ಕೋಲಾರ ಜಿಲ್ಲೆಯ ಸಂದರ್ಭ

ಕುರುಡುಮಲೆಯನ್ನು ಒಳಗೊಂಡ ಮುಳಬಾಗಿಲು ತಾಲ್ಲೂಕು ಸೇರಿದಂತೆ ಕೋಲಾರ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಇಂಥ ನೀರನ್ನು ದೀರ್ಘಕಾಲ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಉಂಟಾಗಬಹುದು. ಭಾರತದಲ್ಲಿ ಇದನ್ನು 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದಿಂದ ವರದಿ ಮಾಡಲಾಯಿತು. ಈ ರೋಗದಲ್ಲಿ ಅಸ್ಥಿರಜ್ಜುಗಳು ಸುಣ್ಣಗಟ್ಟಿ, ಬೆನ್ನು ಬಿರುಸಾಗಿ, ನರದ ದಾರಿ ಕಿರಿದಾಗುತ್ತದೆ. ಇಲ್ಲಿ ನೋವಿನ ಮೂಲ ಬಹುಪಾಲು ಮೂಳೆಯ ಒತ್ತಡವೇ ಆಗಿರುವುದರಿಂದ ಉರಿಯೂತದ ಸೂಚಕಗಳನ್ನಷ್ಟೇ ನಂಬುವುದು ಸಾಲದು. ಕುಡಿಯುವ ನೀರಿನ ಇತಿಹಾಸ, ಎಕ್ಸ್-ರೇ ಮತ್ತು ಮೂತ್ರದಲ್ಲಿನ ಫ್ಲೋರೈಡ್ ಪರೀಕ್ಷೆಗಳು ರೋಗನಿರ್ಣಯಕ್ಕೆ ನೆರವಾಗುತ್ತವೆ.

ಸುರಕ್ಷತೆ

ಚುಚ್ಚುಮದ್ದಿನ ನಂತರ ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆಯ ಅಂಶ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ದೃಷ್ಟಿನಾಶ, ಪಾರ್ಶ್ವವಾಯು, ಮರಣದಂಥ ವಿರಳ ಆದರೆ ಗಂಭೀರ ತೊಂದರೆಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2014ರಲ್ಲಿ ಎಚ್ಚರಿಸಿತು. ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶಜ್ಞಾನ ಕುಂದಿದರೆ ಅಥವಾ ಕಾಲಿನ ಬಲ ದಿಢೀರನೆ ಇಳಿದರೆ, ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.