ಹತ್ತರಿ ಬಾಯಿಗೆ ಮಂಚದ ಕಾಲು

ಹಳೇ ಸಾಮಾನಿನ ಕಥೆ, ಭಾಗ 6

ಮೊದಲನೇ ಫೋಟೋನ ಸ್ವಲ್ಪ ಜೂಮ್ ಮಾಡಿ ನೋಡಿ. ಬಡಗಿಗಳು ಮರ ನಯ ಮಾಡೋ ಹತ್ತರಿ ಇದು, ಮಗುಚಿ ಇಟ್ಟಿದೀನಿ. ತಳದಲ್ಲಿ ಬ್ಲೇಡು ಇಣುಕೋ ಸೀಳು ಇದೆಯಲ್ಲ, ಅದೇ ಬಾಯಿ. ಅದರ ಮುಂದೆ ಕಪ್ಪಗೆ ಒಂದು ಚೌಕ ಕಾಣ್ತಿದೆಯಾ? ಅದು ನಮ್ಮ ಮುತ್ತಜ್ಜಿಯ ಮಂಚದ ಕಾಲು! ಬೀಟೆ ಮರ.

ಅದು ಅಲ್ಲಿಗೆ ಯಾಕೆ ಬಂತು ಅಂತ ಹೇಳ್ತೀನಿ. ಹತ್ತರಿ ತಳ ದಿನಾ ಉಜ್ಜಿ ಉಜ್ಜಿ ಸವೆಯುತ್ತೆ. ಸವೆದದ್ದನ್ನ ಮತ್ತೆ ಸಮ ಮಾಡಬಹುದು. ಆದ್ರೆ ಬಾಯಿ ಒಳಗೆ ಹೋದಂಗೆ ಅಗಲ ಆಗುತ್ತೆ, ಮಗುಚಿದ ಆಲಿಕೆ ಥರ. ಹಾಗಾಗಿ ತಳ ತೆಗೆದಷ್ಟೂ ಬಾಯಿ ದೊಡ್ಡದಾಗ್ತಾ ಹೋಗುತ್ತೆ. ಬಾಯಿಯ ಮುಂದಿನ ಅಂಚು ಮರದ ನಾರನ್ನ ಒತ್ತಿ ಹಿಡಿದಿದ್ರೇನೇ ಬ್ಲೇಡು ತೆಳ್ಳಗೆ ಸಿಪ್ಪೆ ತೆಗೆಯೋದು. ಅಂಚು ದೂರ ಹೋದ್ರೆ ನಾರು ಕಿತ್ತು ಬರುತ್ತೆ, ಹಲಗೆ ತರಚಿಹೋಗುತ್ತೆ. ಅಂದ್ರೆ ಸರಿ ಮಾಡಿದಷ್ಟೂ ಕೆಡೋ ಸಾಮಾನು.

ಈ ತಲೆನೋವು ತುಂಬಾ ಹಳೇದು. ರೋಮನ್ನರು ಸವೆಯೋದೇ ಬೇಡ ಅಂತ ಹತ್ತರಿ ತಳಕ್ಕೆ ಕಬ್ಬಿಣ ಹೊದಿಸಿದ್ರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ಊರಲ್ಲೂ ಅಂಥವು ಸಿಕ್ಕಿವೆ. ಆಮೇಲೆ ಮರದ್ದೇ ಮತ್ತೆ ಬಂತು. 1545ರಲ್ಲಿ ಮುಳುಗಿ, 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಬಡಗಿಗಳ ಮರದ ಹತ್ತರಿಗಳು ಸಿಕ್ಕವು. ಮುಂದೆ ಇಂಗ್ಲೆಂಡಿನ ಬಡಗಿಗಳು ಬಾಯಿ ದೊಡ್ಡದಾದ್ರೆ ಅಂಚಿನ ಹತ್ರ ಗುಳಿ ಕೆತ್ತಿ, ಗಟ್ಟಿ ಮರದ ತುಂಡು ಕೂರಿಸ್ತಿದ್ರು. ಹಳೇ ಹತ್ತರಿಗಳಲ್ಲಿ ಆ ತೇಪೆ ಈಗಲೂ ಕಾಣುತ್ತೆ.

ತೇಪೆಗೆ ಅಂತ್ಯ ಹಾಡಿದ್ದು ಅಮೆರಿಕದ ಲೆನರ್ಡ್ ಬೈಲಿ. ಅವನ ಕಬ್ಬಿಣದ ಹತ್ತರಿಯಲ್ಲಿ ಬ್ಲೇಡು ಕೂರೋ ಭಾಗವನ್ನೇ ಹಿಂದೆ ಮುಂದೆ ಸರಿಸಬಹುದಿತ್ತು. ಬಾಯಿ ಬೇಕಾದಷ್ಟು ಚಿಕ್ಕದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ವ್ಯಾಪಾರ ಕೊಂಡುಕೊಳ್ತು. ಇವತ್ತಿಗೂ ಕಬ್ಬಿಣದ ಹತ್ತರಿಗಳ ಮೂಲ ವಿನ್ಯಾಸ ಹೆಚ್ಚುಕಡಿಮೆ ಅದೇ.

ನಮ್ಮ ಅಜ್ಜನ ಕೈಗೆ ಮಾತ್ರ ಅದು ಬರಲಿಲ್ಲ, ದುಡ್ಡಿರಲಿಲ್ಲ. ಮುರಿದ ಮಂಚ ಇತ್ತು. ಹೊಸ ಮರ ಯಾಕೆ ಹಾಕಲಿಲ್ಲ ಅಂತ ಕೇಳಿದೆ. "ಹಸಿ ಮರ ಒಣಗ್ತಾ ಕುಗ್ಗುತ್ತೆ ಮಗಾ, ತುಂಡು ಸಡಿಲಾಗಿ ಬಿದ್ದೋಗುತ್ತೆ. ಮಂಚದ ಕಾಲು ಎಷ್ಟು ಬೇಸಿಗೆ ಕಂಡಿರಲ್ಲ?" ಅಂದ್ರು. ನಾರು ಯಾವ ಕಡೆ ಓಡುತ್ತೆ ಅಂತ ನೋಡಿ, ತಳದ ನಾರಿಗೆ ಹೊಂದಿಸಿ ಕೂರಿಸಿದಾರೆ. ಉಗುರಲ್ಲಿ ಸವರಿದ್ರೂ ಜೋಡಣೆ ಸಿಗಲ್ಲ. ಆ ಹತ್ತರಿಯಲ್ಲಿ ಮಾಡಿದ ಬಾಗಿಲುಗಳು ನಮ್ಮ ಬೀದಿಯಲ್ಲೇ ನಾಲ್ಕಿವೆ.

ಬಿಕಾಂನವರೇ, ಈಗ ಹೇಳಿ: ಈ ತೇಪೆ ರೆವಿನ್ಯೂ ಖರ್ಚಾ, ಕ್ಯಾಪಿಟಲ್ ಖರ್ಚಾ? ಆಯುಷ್ಯ ಹೆಚ್ಚಿಸಿದೆ, ಹಾಗಾಗಿ ಕ್ಯಾಪಿಟಲ್ ಅಂತ ನನ್ನ ವಾದ. ಆದ್ರೆ ಪುಸ್ತಕದಲ್ಲಿ ಬರೆಯೋಕೆ ರೇಟೇ ಇಲ್ವಲ್ಲ!

ಹೋದ ವಾರ ಗುಜರಿಯವರು ಬಂದಿದ್ರು. ಹತ್ತರಿ ಎತ್ತಿ ನೋಡಿ, ಬ್ಲೇಡಿಗೆ ಮಾತ್ರ ರೇಟು ಹೇಳಿ, ಮರ ನೀವೇ ಒಲೆಗೆ ಹಾಕ್ಕೊಳ್ಳಿ ಅಂದ್ರು. ಮನೇಲಿ ಎಲ್ರೂ ಕೊಡೋಣ ಅಂತಾನೇ ಇದ್ರು, ನಾನೂ ಸೇರಿ. ಅಜ್ಜ ಏನೂ ಮಾತಾಡದೆ ಹತ್ತರಿ ತಗೊಂಡು ಒಳಗೆ ಹೋದ್ರು. ಎರಡನೇ ಫೋಟೋ ಆಮೇಲೆ ತೆಗೆದಿದ್ದು. ಬ್ಲೇಡು ಸಾಣೆ ಹಿಡೀತಿದಾರೆ.